ಪುಕ್ಕಟೆಯ ಮುಸುಕಿನಲ್ಲಿ ಜೂಜು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಜೂಜಿನ ಒಂದು ಉದ್ಯಮ ಹತ್ತು ವರ್ಷಕ್ಕೂ ಮಿಕ್ಕಿ ಒಂದು ಅಂಚೆ ಕಾರ್ಡಿನ ಆಸರೆಯಲ್ಲಿ ನಡೆಯಿತು ಎಂದರೆ ಕೇಳಿದವರಿಗೆ ನಗು ಬರಬಹುದು. ಆದರೆ ಆ ಕಾರ್ಡನ್ನು ಮುಂದಿಟ್ಟುಕೊಂಡೇ ಕೋಟ್ಯಂತರ ಡಾಲರು ಸಾಮಾನ್ಯ ಜನರ ಜೇಬಿನಿಂದ ಕಂಪನಿಗಳ ಖಾತೆಗೆ ಹರಿಯಿತು. ‘ಸ್ವೀಪ್‌ಸ್ಟೇಕ್ಸ್ ಕ್ಯಾಸಿನೊ’ ಎಂದು ಕರೆಯಲಾಗುವ ಈ ಅಂತರಜಾಲ ತಾಣಗಳನ್ನು ಕ್ಯಾಲಿಫೋರ್ನಿಯಾ 2025ರಲ್ಲಿ ಕಾನೂನು ಮಾಡಿ ನಿಷೇಧಿಸಿತು. 2026ರ ಜನವರಿ 1ರಿಂದ ಅವುಗಳನ್ನು ನಡೆಸುವುದು ಅಲ್ಲಿ ಅಪರಾಧ.

ಈ ತಾಣಗಳ ವ್ಯವಹಾರ ಮೇಲ್ನೋಟಕ್ಕೆ ಸರಳ. ಫೋನಿನ ಅಥವಾ ಕಂಪ್ಯೂಟರಿನ ಪರದೆಯ ಮೇಲೆ ಚಕ್ರಗಳು ತಿರುಗುವ ಸ್ಲಾಟ್ ಆಟ, ರೂಲೆಟ್, ಬ್ಲ್ಯಾಕ್‌ಜಾಕ್ ಮೊದಲಾದ ಕ್ಯಾಸಿನೊ ಆಟಗಳೆಲ್ಲ ಇರುತ್ತವೆ. ಆಡಲು ಎರಡು ಬಗೆಯ ನಾಣ್ಯಗಳು. ಒಂದು ‘ಗೋಲ್ಡ್ ಕಾಯಿನ್’. ಇದನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಆದರೆ ಗೆದ್ದರೂ ಇದಕ್ಕೆ ನಗದು ಸಿಗದು. ಇನ್ನೊಂದು ‘ಸ್ವೀಪ್ಸ್ ಕಾಯಿನ್’. ಇದನ್ನು ಯಾರೂ ಕೊಳ್ಳುವಂತಿಲ್ಲ. ಆದರೆ ಗೋಲ್ಡ್ ಕಾಯಿನ್ ಕೊಂಡವರಿಗೆ ‘ಉಡುಗೊರೆ’ಯಾಗಿ ಬರುತ್ತದೆ. ಅದನ್ನು ಪಣವಾಗಿಟ್ಟು ಆಡಿ ಗೆದ್ದರೆ ಸಾಮಾನ್ಯವಾಗಿ ನಾಣ್ಯಕ್ಕೊಂದು ಡಾಲರಿನಂತೆ ಬ್ಯಾಂಕ್ ಖಾತೆಗೆ ಹಣ ಬರುತ್ತದೆ. ಏನನ್ನೂ ಕೊಳ್ಳಲು ಇಷ್ಟವಿಲ್ಲದವರಿಗೂ ಒಂದು ದಾರಿಯುಂಟು. ಕಾರ್ಡಿನ ಮೇಲೆ ಕೈಬರಹದಲ್ಲಿ ಕೋರಿಕೆ ಬರೆದು ಅಂಚೆಗೆ ಹಾಕಿದರೆ ಕೆಲವು ಸ್ವೀಪ್ಸ್ ಕಾಯಿನ್‌ಗಳು ಪುಕ್ಕಟೆಯಾಗಿ ದೊರೆಯುತ್ತವೆ.

ಕಂಪನಿಗಳ ವಾದ ನಿಂತಿದ್ದುದು ಈ ಪುಕ್ಕಟೆ ದಾರಿಯ ಮೇಲೆ. ದುಡ್ಡು ಕೊಡದೆಯೂ ಆಡಬಹುದಾದ ಮೇಲೆ ಇದು ಜೂಜು ಹೇಗಾದೀತು ಎಂದು ಅವು ಕೇಳುತ್ತಿದ್ದವು. ಗ್ರಾಹಕ ಕೊಂಡದ್ದು ಗೋಲ್ಡ್ ಕಾಯಿನ್. ಪಣಕ್ಕಿಟ್ಟದ್ದು ಉಚಿತವಾಗಿ ಬಂದ ಬೇರೊಂದು ನಾಣ್ಯ. ಕಾಗದದ ಮೇಲೆ ಈ ಲೆಕ್ಕ ಸರಿಯಾಗಿಯೇ ಇತ್ತು. ಕ್ಯಾಸಿನೊಗಳನ್ನು ಸಂವಿಧಾನದಲ್ಲೇ ನಿಷೇಧಿಸಿರುವ ರಾಜ್ಯವೊಂದರಲ್ಲಿ ಇಂಥ ಲೆಕ್ಕ ಇಷ್ಟು ಕಾಲ ಬಾಳಿದ್ದು ಹೇಗೆ ಎಂಬುದನ್ನು ತಿಳಿಯಲು ಆ ರಾಜ್ಯದ ಹುಟ್ಟಿನವರೆಗೂ ಹಿಂದೆ ಹೋಗಬೇಕು.

ಚಿನ್ನದ ನಾಡಿನ ಕಾನೂನು

1848ರ ಜನವರಿಯಲ್ಲಿ ಕೊಲೋಮಾ ಎಂಬಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹಬ್ಬಿದಾಗ ಜಗತ್ತಿನ ಮೂಲೆಮೂಲೆಗಳಿಂದ ಜನ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದರು. ಅವರ ಹಿಂದೆಯೇ ಜೂಜುಕೋರರೂ ಬಂದರು. ಹಳ್ಳದ ಮರಳಿನಲ್ಲಿ ಹಗಲಿಡೀ ಜಾಲಿಸಿ ತೆಗೆದ ಚಿನ್ನದ ಪುಡಿ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೊದ ಜೂಜುಕಟ್ಟೆಗಳಲ್ಲಿ ಕೈಬದಲಾಗುತ್ತಿತ್ತು. ಪೋರ್ಟ್ಸ್‌ಮತ್ ಚೌಕದ ಸುತ್ತ ಫ್ಯಾರೊ, ಮಾಂಟೆ ಎಂಬ ಇಸ್ಪೀಟು ಆಟಗಳ ಮನೆಗಳು ಸಾಲಾಗಿ ಎದ್ದವು. ಆರಂಭದಲ್ಲಿ ಇವುಗಳಿಗೆ ಪರವಾನಗಿಯೂ ದೊರೆಯುತ್ತಿತ್ತು.

ವಿಚಿತ್ರವೆಂದರೆ, ಇದೇ ಕಾಲದಲ್ಲಿ ರಚಿತವಾದ 1849ರ ಸಂವಿಧಾನ ಲಾಟರಿಯನ್ನು ಸ್ಪಷ್ಟವಾಗಿ ನಿಷೇಧಿಸಿತು. ಜೂಜುಕಟ್ಟೆ ಇರಬಹುದು, ಲಾಟರಿ ಕೂಡದು ಎಂಬ ಈ ನಿಲುವು ಹೆಚ್ಚು ದಿನ ಉಳಿಯಲಿಲ್ಲ. 1872ರ ದಂಡಸಂಹಿತೆ ಎರಡಕ್ಕೂ ಕಡಿವಾಣ ಹಾಕಿತು. ಅದರ 330ನೇ ಕಲಮು ಫ್ಯಾರೊ, ಮಾಂಟೆ, ರೂಲೆಟ್ ಮುಂತಾದ ಆಟಗಳನ್ನು ಹೆಸರು ಹಿಡಿದು ನಿಷೇಧಿಸಿತು. 319ನೇ ಕಲಮು ಲಾಟರಿಗೆ ಲಕ್ಷಣ ಹೇಳಿತು: ಬೆಲೆ ತೆತ್ತ ಅಥವಾ ತೆರಲು ಒಪ್ಪಿದ ಜನರ ನಡುವೆ ಅದೃಷ್ಟದ ಮೂಲಕ ಸ್ವತ್ತನ್ನು ಹಂಚುವ ಯಾವುದೇ ಏರ್ಪಾಡು ಲಾಟರಿ.

ಈ ಲಕ್ಷಣದಲ್ಲಿ ಮೂರು ಅಂಶಗಳಿವೆ. ಒಂದು ಬಹುಮಾನ, ಎರಡನೆಯದು ಅದೃಷ್ಟ, ಮೂರನೆಯದು ಆಡುವವನು ತೆರುವ ಬೆಲೆ. ವಕೀಲರ ಭಾಷೆಯಲ್ಲಿ ಈ ಮೂರನೆಯದಕ್ಕೆ ‘ಪ್ರತಿಫಲ’ ಎನ್ನುತ್ತಾರೆ. ಮೂರು ಕಲ್ಲಿನ ಒಲೆಯಂತೆ ಮೂರೂ ಇದ್ದರೆ ಮಾತ್ರ ಮಡಕೆ ಕೂರುತ್ತದೆ. ಬಹುಮಾನವಿಲ್ಲದಿದ್ದರೆ ಅದು ಬರಿ ಕಾಲಕ್ಷೇಪ. ಅದೃಷ್ಟವಿಲ್ಲದೆ ಕೌಶಲವೇ ಎಲ್ಲವಾದರೆ ಅದು ಸ್ಪರ್ಧೆ. ಬೆಲೆ ತೆರದಿದ್ದರೆ ಅದು ಕೊಡುಗೆ. ಮುಂದಿನ ಒಂದೂವರೆ ಶತಮಾನ ಜೂಜಿನ ವ್ಯಾಪಾರಿಗಳು ಮಾಡಿದ ಕಸರತ್ತೆಲ್ಲ ಈ ಮೂರು ಕಲ್ಲುಗಳಲ್ಲಿ ಒಂದನ್ನು ಕಿತ್ತಂತೆ ತೋರಿಸಿ, ಮಡಕೆಯನ್ನು ಮಾತ್ರ ಒಲೆಯ ಮೇಲೆಯೇ ಉಳಿಸಿಕೊಳ್ಳುವುದಕ್ಕಾಗಿ.

ಹಣ್ಣಿನ ಚಿತ್ರ, ಕಡಲ ಹಡಗು

ಇಂದು ಎಲ್ಲ ಕ್ಯಾಸಿನೊಗಳಲ್ಲೂ ಕಾಣುವ ಮೂರು ಚಕ್ರಗಳ ಸ್ಲಾಟ್ ಯಂತ್ರ ಸ್ಯಾನ್‌ಫ್ರಾನ್ಸಿಸ್ಕೊದ ಕೂಸು. ಜರ್ಮನಿಯಿಂದ ವಲಸೆ ಬಂದ ಚಾರ್ಲ್ಸ್ ಫೇ ಎಂಬ ಯಂತ್ರಕುಶಲಿ 1890ರ ದಶಕದಲ್ಲಿ ತಯಾರಿಸಿದ ‘ಲಿಬರ್ಟಿ ಬೆಲ್’ ಅದರ ಮೂಲಮಾದರಿ. ಯಂತ್ರಗಳು ಜನಪ್ರಿಯವಾದಂತೆ ನಿಷೇಧವೂ ಬಂತು. ಆಗ ಕೆಲವು ತಯಾರಕರು ಯಂತ್ರಕ್ಕೆ ಚೂಯಿಂಗ್ ಗಮ್ ಮಾರುವ ವೇಷ ಹಾಕಿದರು. ಕಾಸು ಹಾಕಿದವರಿಗೆ ಹಣ್ಣಿನ ರುಚಿಯ ಗಮ್ ಸಿಗುತ್ತಿತ್ತು, ಚಕ್ರಗಳ ಮೇಲೆ ಆ ಹಣ್ಣುಗಳ ಚಿತ್ರವಿರುತ್ತಿತ್ತು. ಸ್ಲಾಟ್ ಆಟಗಳಲ್ಲಿ ಇವತ್ತಿಗೂ ಚೆರ್ರಿ, ನಿಂಬೆಹಣ್ಣುಗಳು ಕಾಣಿಸಿಕೊಳ್ಳುವುದು ಆ ವೇಷದ ಕುರುಹಾಗಿ. ಗಿರಾಕಿ ಕೊಂಡದ್ದು ಗಮ್, ಗೆದ್ದದ್ದು ಆಕಸ್ಮಿಕ ಎಂಬ ಅಂದಿನ ಸಮಜಾಯಿಷಿಗೂ ಗೋಲ್ಡ್ ಕಾಯಿನ್ ಕೊಂಡವನಿಗೆ ಸ್ವೀಪ್ಸ್ ಕಾಯಿನ್ ಉಡುಗೊರೆ ಎಂಬ ಇಂದಿನ ಸಮಜಾಯಿಷಿಗೂ ಇರುವ ನಂಟು ಎದ್ದು ಕಾಣುವಂಥದು.

ಕಾನೂನಿಗೆ ಒಳಗಿದ್ದೇ ವೇಷ ಹಾಕುವುದು ಒಂದು ದಾರಿಯಾದರೆ, ಕಾನೂನಿನ ಗಡಿಯಿಂದಲೇ ಆಚೆ ಹೋಗುವುದು ಇನ್ನೊಂದು. 1938ರಲ್ಲಿ ಟೋನಿ ಕಾರ್ನೆರೊ ಎಂಬಾತ ಲಾಸ್ ಏಂಜಲಿಸ್ ಸಮೀಪದ ಸ್ಯಾಂಟಾ ಮೋನಿಕಾ ಕರಾವಳಿಯಿಂದ ಮೂರು ಮೈಲಿಗೂ ಆಚೆ ‘ರೆಕ್ಸ್’ ಎಂಬ ಹಡಗನ್ನು ಲಂಗರು ಹಾಕಿ ನಿಲ್ಲಿಸಿದ. ಮೂರು ಮೈಲಿಯಾಚೆ ರಾಜ್ಯದ ಅಧಿಕಾರ ನಡೆಯದು ಎಂಬುದು ಅವನ ಲೆಕ್ಕ. ದಡದಿಂದ ಸಣ್ಣ ದೋಣಿಗಳು ಜನರನ್ನು ಹಡಗಿಗೆ ಸಾಗಿಸುತ್ತಿದ್ದವು. ಆಡುವವರು ಕ್ಯಾಲಿಫೋರ್ನಿಯಾದವರು, ಹಣ ಕ್ಯಾಲಿಫೋರ್ನಿಯಾದ್ದು, ಮೇಜು ಮಾತ್ರ ಸಮುದ್ರದ ಮೇಲೆ.

ಮರುವರ್ಷ ರಾಜ್ಯದ ಅಟಾರ್ನಿ ಜನರಲ್ ಆಗಿ ಬಂದ ಅರ್ಲ್ ವಾರನ್ ಇದನ್ನು ಸಹಿಸಲಿಲ್ಲ. ಮುಂದೆ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾಗಿ ಹೆಸರು ಮಾಡಿದ ವಾರನ್ ಇವರೇ. 1939ರ ಆಗಸ್ಟಿನಲ್ಲಿ ಅವರ ಆದೇಶದಂತೆ ಅಧಿಕಾರಿಗಳು ದೋಣಿಗಳಲ್ಲಿ ಹೋಗಿ ಜೂಜಿನ ಹಡಗುಗಳನ್ನು ಮುತ್ತಿದರು. ‘ರೆಕ್ಸ್’ನವರು ನೀರಿನ ಕೊಳವೆಗಳಿಂದ ಅಧಿಕಾರಿಗಳ ಮೇಲೆ ನೀರು ಚಿಮ್ಮಿಸಿ ಕೆಲವು ದಿನ ತಡೆದರೂ ಕೊನೆಗೆ ಶರಣಾದರು. ಅದೇ ವರ್ಷ ರಾಜ್ಯದ ಸುಪ್ರೀಂ ಕೋರ್ಟ್ ಸ್ಯಾಂಟಾ ಮೋನಿಕಾ ಕೊಲ್ಲಿ ಇಡಿಯಾಗಿ ರಾಜ್ಯದ ವ್ಯಾಪ್ತಿಯೊಳಗೇ ಸೇರುತ್ತದೆ ಎಂದು ತೀರ್ಪಿತ್ತಿತು. ಮೈಲಿಯನ್ನು ದಡದಿಂದ ಅಳೆಯುವುದಲ್ಲ, ಕೊಲ್ಲಿಯ ಎರಡು ತುದಿಗಳನ್ನು ಕೂಡಿಸುವ ಗೆರೆಯಿಂದ ಅಳೆಯಬೇಕು ಎಂಬುದು ಅದರ ತಾತ್ಪರ್ಯ. ಅಳತೆಗೋಲು ಬದಲಾದೊಡನೆ ಹಡಗು ನಿಂತಲ್ಲೇ ಕಾನೂನಿನೊಳಗೆ ಬಂದುಬಿಟ್ಟಿತು.

ಪುಕ್ಕಟೆ ಟಿಕೆಟ್ಟಿನ ಹುಟ್ಟು

ಮೂರನೆಯ ಕಲ್ಲು, ಎಂದರೆ ಬೆಲೆ, ಮೊದಲು ಅಲುಗಾಡಿದ್ದು ಸಿನಿಮಾ ಮಂದಿರಗಳಲ್ಲಿ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದ ಚಿತ್ರಮಂದಿರಗಳು ಖಾಲಿ ಹೊಡೆಯತೊಡಗಿದ್ದವು. ಆಗ ಮಾಲೀಕರು ‘ಬ್ಯಾಂಕ್ ನೈಟ್’ ಎಂಬ ಆಕರ್ಷಣೆ ಹೂಡಿದರು. ಮಂದಿರದ ಹೊರಾಂಗಣದಲ್ಲಿಟ್ಟ ಪುಸ್ತಕದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಹೆಸರು ಬರೆಯಬಹುದು. ವಾರಕ್ಕೊಮ್ಮೆ ಒಂದು ಹೆಸರನ್ನು ಎತ್ತಿ ನಗದು ಬಹುಮಾನ ಕೊಡುತ್ತಿದ್ದರು. ಟಿಕೆಟ್ ಕೊಳ್ಳಲೇಬೇಕೆಂಬ ನಿಯಮವಿರಲಿಲ್ಲ. ಆದರೆ ಹೆಸರು ಕೂಗಿದ ಕೆಲವೇ ನಿಮಿಷಗಳಲ್ಲಿ ವೇದಿಕೆಗೆ ಬರಬೇಕಿದ್ದುದರಿಂದ ಹೆಚ್ಚಿನವರು ಟಿಕೆಟ್ ಕೊಂಡು ಒಳಗೇ ಕೂರುತ್ತಿದ್ದರು.

ಇದು ಲಾಟರಿಯೋ ಅಲ್ಲವೋ ಎಂಬ ಬಗ್ಗೆ ಬೇರೆಬೇರೆ ರಾಜ್ಯಗಳ ನ್ಯಾಯಾಲಯಗಳು ಬೇರೆಬೇರೆ ಉತ್ತರ ಕೊಟ್ಟವು. ಕ್ಯಾಲಿಫೋರ್ನಿಯಾದಲ್ಲಿ ಚಿತ್ರಮಂದಿರವೊಂದರ ಬಹುಮಾನ ಯೋಜನೆಯ ಪ್ರಕರಣ 1933ರಲ್ಲಿ ಬಂದಾಗ, ಪ್ರವೇಶದ ಟಿಕೆಟ್ ಕೊಳ್ಳದವರಿಗೂ ಬಹುಮಾನದ ಚೀಟಿ ಕೊಡಲಾಗುತ್ತಿತ್ತಾದ್ದರಿಂದ ಅಲ್ಲಿ ‘ಬೆಲೆ’ ಇಲ್ಲ, ಆದಕಾರಣ ಅದು ಲಾಟರಿಯಲ್ಲ ಎಂದು ನ್ಯಾಯಾಲಯ ಹೇಳಿತು. 1958ರಲ್ಲಿ ಪೆಟ್ರೋಲ್ ಬಂಕುಗಳ ಪ್ರಕರಣವೊಂದರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದೇ ತತ್ವವನ್ನು ಗಟ್ಟಿಗೊಳಿಸಿತು. ಪೆಟ್ರೋಲ್ ಹಾಕಿಸಿಕೊಂಡವರಿಗೂ ಬರಿದೆ ಬಂದು ಕೇಳಿದವರಿಗೂ ಚೀಟಿ ಸಿಗುತ್ತಿದ್ದರೆ ಅದು ವ್ಯಾಪಾರದ ಪ್ರಚಾರವೇ ಹೊರತು ಲಾಟರಿಯಲ್ಲ.

ಈ ತೀರ್ಪುಗಳಲ್ಲಿ ತಪ್ಪು ಹುಡುಕುವುದು ಕಷ್ಟ. ಬಂಕಿನವನು ಮಾರುತ್ತಿದ್ದುದು ನಿಜವಾದ ಪೆಟ್ರೋಲು. ಜನ ಬರುತ್ತಿದ್ದುದು ಪೆಟ್ರೋಲಿಗಾಗಿ. ಬಹುಮಾನವೆಂಬುದು ಹಬ್ಬದ ದಿನ ಜವಳಿ ಅಂಗಡಿಯವರು ಕೊಡುವ ಕೂಪನ್ನಿನಂಥದು. ‘ಕೊಳ್ಳುವ ಅಗತ್ಯವಿಲ್ಲ’ ಎಂಬ ಒಕ್ಕಣೆ ಇಂಥ ಯೋಜನೆಗಳ ತಳದಲ್ಲಿ ಕಾಯಂ ಆಗಿ ಅಚ್ಚಾಗತೊಡಗಿದ್ದು ಹೀಗೆ. ರೀಡರ್ಸ್ ಡೈಜೆಸ್ಟ್ ಮಾಸಪತ್ರಿಕೆಯ ಬಹುಮಾನ ಯೋಜನೆಯ ದಪ್ಪ ಲಕೋಟೆಗಳು ನಮ್ಮ ಊರುಗಳಿಗೂ ಬರುತ್ತಿದ್ದುದನ್ನು ಹಳೆಯ ಓದುಗರು ಬಲ್ಲರು. ಸ್ವೀಪ್‌ಸ್ಟೇಕ್ಸ್ ಎಂಬ ಮಾತು ಕುದುರೆ ಜೂಜಿನ ಕಣದಿಂದ ಬಂದದ್ದು. ಎಲ್ಲರ ಪಣವನ್ನೂ ಗೆದ್ದವನೊಬ್ಬನೇ ಗುಡಿಸಿಕೊಂಡು ಹೋಗುವುದು ಅದರ ಮೂಲಾರ್ಥ. ಕಾಲಾನಂತರದಲ್ಲಿ ಅದು ಉಚಿತ ಬಹುಮಾನ ಯೋಜನೆಗೆ ಹೆಸರಾಯಿತು.

ಸರ್ಕಾರದ ಲಾಟರಿ, ಬುಡಕಟ್ಟುಗಳ ಹಕ್ಕು

ಈ ನಡುವೆ ರಾಜ್ಯದ ನಿಲುವೇ ಸಡಿಲವಾಯಿತು. 1984ರ ನವೆಂಬರಿನಲ್ಲಿ ಮತದಾರರು ಸರ್ಕಾರಿ ಲಾಟರಿಗೆ ಒಪ್ಪಿಗೆ ಕೊಟ್ಟರು. ಮರುವರ್ಷ ಶಾಲಾ ಶಿಕ್ಷಣಕ್ಕೆ ನಿಧಿ ಕೂಡಿಸುವ ಹೆಸರಿನಲ್ಲಿ ಟಿಕೆಟ್ ಮಾರಾಟ ಶುರುವಾಯಿತು. 1849ರಿಂದ ನಿಷಿದ್ಧವಾಗಿದ್ದ ಲಾಟರಿಯನ್ನು ಈಗ ಸರ್ಕಾರವೇ ನಡೆಸತೊಡಗಿತು. ಅದೇ ತಿದ್ದುಪಡಿಯಲ್ಲಿ ನೆವಾಡಾ ಮತ್ತು ನ್ಯೂಜೆರ್ಸಿ ಮಾದರಿಯ ಕ್ಯಾಸಿನೊಗಳಿಗೆ ಅವಕಾಶವಿಲ್ಲ ಎಂಬ ಮಾತನ್ನೂ ಸಂವಿಧಾನಕ್ಕೆ ಸೇರಿಸಲಾಯಿತು.

ಆದರೆ ಕ್ಯಾಲಿಫೋರ್ನಿಯಾದಲ್ಲಿ ನೂರಕ್ಕೂ ಹೆಚ್ಚು ಮೂಲನಿವಾಸಿ ಬುಡಕಟ್ಟುಗಳಿವೆ. ಚಿನ್ನದ ನುಗ್ಗಾಟದಲ್ಲಿ ನೆಲವನ್ನೂ ಜೀವಗಳನ್ನೂ ಕಳೆದುಕೊಂಡು, ಉಳಿದ ತುಂಡು ಭೂಮಿಯಲ್ಲಿ ಬಡತನದಲ್ಲಿ ಬದುಕುತ್ತಿದ್ದವರು ಅವರು. ತಮ್ಮ ನೆಲದ ಮೇಲೆ ತಮ್ಮದೇ ಆಡಳಿತ ಎಂಬುದು ಅವರ ಹಕ್ಕು. ಕಬಜಾನ್ ಎಂಬ ಸಣ್ಣ ಬುಡಕಟ್ಟು ತನ್ನ ನೆಲದಲ್ಲಿ ಬಿಂಗೊ ಮತ್ತು ಇಸ್ಪೀಟು ಆಟ ನಡೆಸಿದಾಗ ರಾಜ್ಯ ತಡೆಯಲು ಹೋಯಿತು. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1987ರಲ್ಲಿ ಬುಡಕಟ್ಟಿನ ಪರವಾಗಿ ತೀರ್ಮಾನವಾಯಿತು. ಸ್ವತಃ ಲಾಟರಿ ನಡೆಸುವ, ಬಿಂಗೊಗೆ ಅವಕಾಶ ಕೊಡುವ ರಾಜ್ಯ ಜೂಜನ್ನು ನಿಯಂತ್ರಿಸುತ್ತಿದೆಯೇ ಹೊರತು ನಿಷೇಧಿಸಿಲ್ಲ, ಆದ್ದರಿಂದ ಆ ನಿಯಮಗಳನ್ನು ಬುಡಕಟ್ಟುಗಳ ನೆಲದ ಮೇಲೆ ಹೇರಲಾಗದು ಎಂದು ನ್ಯಾಯಾಲಯ ಹೇಳಿತು. ಮರುವರ್ಷ ಅಮೆರಿಕದ ಸಂಸತ್ತು ಬುಡಕಟ್ಟುಗಳ ಜೂಜಿಗೆ ಸಂಬಂಧಿಸಿದಂತೆ ಕಾಯಿದೆ ಮಾಡಿತು. 2000ದ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ನೂರಕ್ಕೆ 64ಕ್ಕಿಂತ ಹೆಚ್ಚು ಮತಗಳಿಂದ, ರಾಜ್ಯದೊಡನೆ ಒಪ್ಪಂದ ಮಾಡಿಕೊಂಡ ಬುಡಕಟ್ಟುಗಳು ತಮ್ಮ ನೆಲದಲ್ಲಿ ಸ್ಲಾಟ್ ಯಂತ್ರಗಳನ್ನು ನಡೆಸಲು ಸಂವಿಧಾನದಲ್ಲೇ ಅವಕಾಶ ಮಾಡಿಕೊಟ್ಟರು. ಅಂದಿನಿಂದ ಶಾಲೆ, ಆಸ್ಪತ್ರೆ, ಮನೆಗಳಿಗೆ ಅನೇಕ ಬುಡಕಟ್ಟುಗಳು ನೆಚ್ಚಿಕೊಂಡಿರುವುದು ಈ ಆದಾಯವನ್ನೇ. ಹೀಗಾಗಿ ಕ್ಯಾಲಿಫೋರ್ನಿಯಾದಲ್ಲಿ ಅಂತರಜಾಲದ ಜೂಜಿನ ಪ್ರಶ್ನೆ ಕೇವಲ ನೀತಿಯದಲ್ಲ. ಶತಮಾನದ ಅನ್ಯಾಯಕ್ಕೆ ಪರಿಹಾರವಾಗಿ ಬಂದ ಒಂದು ಹಕ್ಕಿನದೂ ಹೌದು.

ಫೋನ್ ಕಾರ್ಡಿನ ಅಂಗಡಿಗಳು

‘ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ’ ಎಂಬ ಗಾದೆ ನಮ್ಮಲ್ಲಿದೆ. ಅಂತರಜಾಲ ಬಂದ ಮೇಲೆ ಪೆಟ್ರೋಲ್ ಬಂಕಿನ ತೀರ್ಪಿನ ಕೆಳಗೆ ತೂರಲು ಹೊರಟವರು ‘ಸ್ವೀಪ್‌ಸ್ಟೇಕ್ಸ್ ಕೆಫೆ’ಗಳನ್ನು ತೆರೆದರು. ಅಲ್ಲಿ ಗಿರಾಕಿ ಫೋನ್ ಕಾರ್ಡನ್ನೋ ಅಂತರಜಾಲ ಬಳಸುವ ಸಮಯವನ್ನೋ ಕೊಳ್ಳುತ್ತಿದ್ದ. ಜತೆಗೆ ‘ಉಚಿತ’ ಅಂಕಗಳು ಬರುತ್ತಿದ್ದವು. ಆ ಅಂಕಗಳಿಂದ ಅಲ್ಲಿಯೇ ಕಂಪ್ಯೂಟರಿನಲ್ಲಿ ಸ್ಲಾಟ್ ಮಾದರಿಯ ಆಟ ಆಡಿ ನಗದು ಗೆಲ್ಲಬಹುದಿತ್ತು. ಕೊಂಡ ಫೋನ್ ಕಾರ್ಡನ್ನು ಬಳಸುವುದು ಮುಖ್ಯವಾಗಿರಲಿಲ್ಲ. ಬಂಕಿನಲ್ಲಿ ಪೆಟ್ರೋಲು ನಿಜ, ಚೀಟಿ ನೆಪ. ಇಲ್ಲಿ ಚೀಟಿ ನಿಜ, ಸರಕು ನೆಪ.

2014ರಲ್ಲಿ ವಿಧಾನಮಂಡಲ ಇಂಥ ಅಂಗಡಿಗಳ ವಿರುದ್ಧ ಕಾನೂನು ಮಾಡಿತು. ಕರ್ನ್ ಜಿಲ್ಲೆಯ ಅಂಗಡಿಗಳ ಪ್ರಕರಣದಲ್ಲಿ 2015ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಯಂತ್ರ ಏನನ್ನೂ ಆರಿಸುವುದಿಲ್ಲ, ಗೆಲುವು ಸೋಲುಗಳ ಸರಣಿಯನ್ನು ಮೊದಲೇ ಸಿದ್ಧಪಡಿಸಿಡಲಾಗಿದೆ, ಆದ್ದರಿಂದ ಇಲ್ಲಿ ಅದೃಷ್ಟದ ಮಾತೇ ಇಲ್ಲ ಎಂದು ಅಂಗಡಿಗಳವರು ವಾದಿಸಿದ್ದರು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಸರಣಿ ಮೊದಲೇ ಸಿದ್ಧವಾಗಿರಲಿ, ಆಡುವವನಿಗೆ ಅದು ತಿಳಿದಿರುವುದಿಲ್ಲ. ಅವನ ಕಣ್ಣಿನಲ್ಲಿ ಫಲಿತಾಂಶ ಅನಿರೀಕ್ಷಿತ. ಆದ್ದರಿಂದ ಈ ಕಂಪ್ಯೂಟರುಗಳು ಸ್ಲಾಟ್ ಯಂತ್ರಗಳೇ ಎಂಬುದು ತೀರ್ಪಿನ ಸಾರ. ಯಂತ್ರದ ಒಳಗನ್ನು ನೋಡದೆ, ಅದರ ಮುಂದೆ ಕುಳಿತ ಮನುಷ್ಯನ ಕಡೆಯಿಂದ ನೋಡಿದ್ದು ಈ ತೀರ್ಪಿನ ವಿಶೇಷ.

ಅಂಗಡಿಯಿಂದ ಅಂಗೈಗೆ

ಅಂಗಡಿಗಳ ಬಾಗಿಲು ಮುಚ್ಚುವ ಹೊತ್ತಿಗೆ ಆಟ ಅಂಗೈಗೇ ಬಂದಿತ್ತು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಹುಟ್ಟಿದ ವರ್ಚುಯಲ್ ಗೇಮಿಂಗ್ ವರ್ಲ್ಡ್ಸ್ ಎಂಬ ಕಂಪನಿಯ ‘ಚಂಬಾ ಕ್ಯಾಸಿನೊ’ ಈ ಎರಡು ನಾಣ್ಯಗಳ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಅದನ್ನು ಅನುಸರಿಸಿ ಹತ್ತಾರು ತಾಣಗಳು ಬಂದವು. ಅಮೆರಿಕದಲ್ಲಿ ಅಂತರಜಾಲ ಕ್ಯಾಸಿನೊಗಳಿಗೆ ಪರವಾನಗಿ ಕೊಡುವ ರಾಜ್ಯಗಳು ಬೆರಳೆಣಿಕೆಯಷ್ಟು. ಅಂಥ ಪರವಾನಗಿಯೇ ಇಲ್ಲದ ರಾಜ್ಯಗಳಲ್ಲಿ ಈ ತಾಣಗಳಿಗೆ ದೊಡ್ಡ ಮಾರುಕಟ್ಟೆ ಸಿಕ್ಕಿತು. ಅತ್ಯಧಿಕ ಜನಸಂಖ್ಯೆಯ ಕ್ಯಾಲಿಫೋರ್ನಿಯಾ ಅವುಗಳಲ್ಲಿ ಮುಖ್ಯವಾದುದು. 2022ರಲ್ಲಿ ಕ್ರೀಡಾ ಬೆಟ್ಟಿಂಗ್ ಕುರಿತ ಎರಡು ಪ್ರಸ್ತಾವಗಳು ಮತದಾರರ ಮುಂದೆ ಬಂದಾಗ ಅವರು ಎರಡನ್ನೂ ತಿರಸ್ಕರಿಸಿದ್ದರು. ಆದರೂ ಅವರು ಒಪ್ಪದ ಬಗೆಯ ಜೂಜು ಬೇರೊಂದು ಹೆಸರಿನಲ್ಲಿ ಮನೆಮನೆಯಲ್ಲಿ ಲಭ್ಯವಿತ್ತು.

ಪರವಾನಗಿ ಇಲ್ಲ ಎಂದರೆ ಕಾಗದ ಪತ್ರದ ಕೊರತೆ ಮಾತ್ರವಲ್ಲ. ಪರವಾನಗಿ ಪಡೆದ ಕ್ಯಾಸಿನೊದಲ್ಲಿ ಯಂತ್ರಗಳ ತಪಾಸಣೆಯುಂಟು, ಆಡುವವರ ವಯಸ್ಸಿನ ಪರಿಶೀಲನೆಯುಂಟು. ಜೂಜಿನ ಚಟಕ್ಕೆ ಬಿದ್ದವನು ‘ನನ್ನನ್ನು ಒಳಗೆ ಬಿಡಬೇಡಿ’ ಎಂದು ತಾನೇ ಹೆಸರು ಬರೆಸಿಕೊಳ್ಳುವ ವ್ಯವಸ್ಥೆಯುಂಟು. ಗೆದ್ದವನಿಗೆ ಹಣ ಕೊಡದಿದ್ದರೆ ದೂರು ಕೊಡಲು ಕಚೇರಿಯುಂಟು. ಸ್ವೀಪ್‌ಸ್ಟೇಕ್ಸ್ ತಾಣಗಳಲ್ಲಿ ಇವೆಲ್ಲ ಕಂಪನಿಯ ಇಚ್ಛೆಗೆ ಬಿಟ್ಟ ವಿಷಯ. ಜೂಜಿನ ತೆರಿಗೆಯೂ ರಾಜ್ಯಕ್ಕೆ ಬರುತ್ತಿರಲಿಲ್ಲ. ಕಂಪನಿಗಳು ಇದಕ್ಕೆ ಉತ್ತರವಾಗಿ, ನಿಷೇಧಿಸುವ ಬದಲು ನಿಯಮ ಮಾಡಿ, ತೆರಿಗೆ ಹಾಕಿ ಎಂದವು.

2025ರಲ್ಲಿ ಅನಹೈಮ್‌ನ ಶಾಸಕ ಅವೆಲಿನೊ ವೆಲೆನ್ಸಿಯಾ ಅವರ 831ನೇ ಮಸೂದೆ ವಿಧಾನಮಂಡಲದ ಮುಂದೆ ಬಂತು. ಬುಡಕಟ್ಟುಗಳ ಪ್ರಬಲ ಸಂಘಟನೆಗಳು ಅದರ ಬೆನ್ನಿಗೆ ನಿಂತವು. ಆದರೆ ಎಲ್ಲ ಬುಡಕಟ್ಟುಗಳೂ ಒಂದೇ ದನಿಯಲ್ಲಿರಲಿಲ್ಲ ಎಂಬುದನ್ನು ಮರೆಯಬಾರದು. ಹೆದ್ದಾರಿಗಳಿಂದ, ನಗರಗಳಿಂದ ದೂರವಿದ್ದು ದೊಡ್ಡ ಕ್ಯಾಸಿನೊ ಕಟ್ಟುವ ಅನುಕೂಲವಿಲ್ಲದ ಕೆಲವು ಸಣ್ಣ ಬುಡಕಟ್ಟುಗಳು ಅಂತರಜಾಲವೇ ತಮಗಿರುವ ದಾರಿ ಎಂದು ಮಸೂದೆಯನ್ನು ವಿರೋಧಿಸಿದವು. ಕ್ಲೆಟ್ಸೆಲ್ ದೆಹೆ ವಿಂಟುನ್ ಬುಡಕಟ್ಟು ಅವುಗಳಲ್ಲಿ ಒಂದು. ಅದೇ ಆಗಸ್ಟಿನಲ್ಲಿ ಲಾಸ್ ಏಂಜಲಿಸ್ ನಗರದ ಅಟಾರ್ನಿ ‘ಸ್ಟೇಕ್’ ಎಂಬ ತಾಣದ ಮೇಲೆ ಮೊಕದ್ದಮೆ ಹೂಡಿದರು. ಅಕ್ಟೋಬರ್ 11ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಮಸೂದೆಗೆ ಸಹಿ ಹಾಕಿದರು.

ಹೊಸ ಕಾನೂನು ‘ಬೆಲೆ’ ಇದೆಯೋ ಇಲ್ಲವೋ ಎಂಬ ಹಳೆಯ ಜಗ್ಗಾಟಕ್ಕೆ ಇಳಿಯುವುದಿಲ್ಲ. ಎರಡು ನಾಣ್ಯಗಳ ಪದ್ಧತಿಯಲ್ಲಿ ಕ್ಯಾಸಿನೊ ಆಟವನ್ನು ಅನುಕರಿಸಿ ನಗದು ಬಹುಮಾನ ಕೊಡುವುದನ್ನೇ ಅದು ಅಪರಾಧವೆಂದು ಹೇಳುತ್ತದೆ. ಶಿಕ್ಷೆ 1,000ದಿಂದ 25,000 ಡಾಲರುಗಳವರೆಗೆ ದಂಡ, ಒಂದು ವರ್ಷದವರೆಗೆ ಸೆರೆವಾಸ. ತಾಣ ನಡೆಸುವವರಷ್ಟೇ ಅಲ್ಲ, ತಿಳಿದೂ ಅದಕ್ಕೆ ಹಣ ಪಾವತಿಯ ಸೌಲಭ್ಯ ಒದಗಿಸುವವರು, ಆಟಗಳನ್ನು ಪೂರೈಸುವವರು, ಪ್ರಚಾರ ಮಾಡಿ ಗಿರಾಕಿ ಕಳಿಸುವವರು ಕೂಡ ಇದರ ವ್ಯಾಪ್ತಿಗೆ ಬರುತ್ತಾರೆ. ಆಡುವವರ ಮೇಲೆ ಇದು ಕೈ ಮಾಡುವುದಿಲ್ಲ. ಅಂಗಡಿ ಹೋಟೆಲುಗಳ ಸಾಮಾನ್ಯ ಬಹುಮಾನ ಯೋಜನೆಗಳಿಗೂ ಇದರಿಂದ ತೊಂದರೆಯಿಲ್ಲ. ಮೊಂಟಾನಾ, ಕನೆಕ್ಟಿಕಟ್, ನ್ಯೂಜೆರ್ಸಿ, ನ್ಯೂಯಾರ್ಕ್ ರಾಜ್ಯಗಳೂ ಅದೇ ವರ್ಷ ಇಂಥದೇ ಕಾನೂನುಗಳನ್ನು ಮಾಡಿದವು.

ಬೆಂಗಳೂರಿನ ಪದಬಂಧ

ಕ್ಯಾಲಿಫೋರ್ನಿಯಾದ ಈ ಕಥೆಯಲ್ಲಿ ಬಂದ ಎರಡು ಪ್ರಶ್ನೆಗಳು, ಆಟ ನಡೆಯುವುದು ಎಲ್ಲಿ ಮತ್ತು ಅದು ನಿಜಕ್ಕೂ ಅದೃಷ್ಟದ್ದೇ ಎಂಬ ಪ್ರಶ್ನೆಗಳು, ಭಾರತದ ಸುಪ್ರೀಂ ಕೋರ್ಟಿನ ಮುಂದೆಯೂ ಒಮ್ಮೆ ಬಂದಿದ್ದವು. ಅದಕ್ಕೆ ಕಾರಣವಾದದ್ದು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಇಂಗ್ಲಿಷ್ ವಾರಪತ್ರಿಕೆ.

ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಎಂಬವರ ಪದಬಂಧ ಸ್ಪರ್ಧೆ ಈ ಪತ್ರಿಕೆಯಲ್ಲಿ ಪ್ರಕಟವಾಗುತ್ತಿತ್ತು. ಪತ್ರಿಕೆ ಮೈಸೂರು ರಾಜ್ಯದ್ದಾದರೂ ಮುಂಬಯಿ ಪ್ರಾಂತದಲ್ಲಿ ಅದಕ್ಕೆ ಅಪಾರ ಪ್ರಸಾರವಿತ್ತು. ಜನ ಶುಲ್ಕ ಕಟ್ಟಿ ಉತ್ತರ ಕಳಿಸುತ್ತಿದ್ದರು. 1952ರಲ್ಲಿ ಮುಂಬಯಿ ಸರ್ಕಾರ ತನ್ನ ಕಾನೂನನ್ನು ತಿದ್ದಿ, ಹೊರ ರಾಜ್ಯದಲ್ಲಿ ಅಚ್ಚಾಗುವ ಪತ್ರಿಕೆಗಳ ಸ್ಪರ್ಧೆಗೂ ತೆರಿಗೆ ಹಾಕಿತು. ನಮ್ಮ ವ್ಯವಹಾರ ಬೆಂಗಳೂರಿನದು, ಮುಂಬಯಿಗೆ ಇದರಲ್ಲಿ ಏನು ಅಧಿಕಾರ ಎಂದು ಸ್ಪರ್ಧೆಯವರು ಕೋರ್ಟಿಗೆ ಹೋದರು.

1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ತೀರ್ಪು ನೀಡಿದರು. ಪತ್ರಿಕೆ ಮುಂಬಯಿಯಲ್ಲಿ ಹರಡುತ್ತದೆ, ಜನ ಅರ್ಜಿ ತುಂಬುವುದು ಅಲ್ಲಿ, ದುಡ್ಡು ಕಟ್ಟುವುದು ಅಲ್ಲಿ, ಅದನ್ನು ಸಂಗ್ರಹಿಸುವ ಕೇಂದ್ರಗಳಿರುವುದೂ ಅಲ್ಲಿ. ಆದ್ದರಿಂದ ಮುಂಬಯಿ ರಾಜ್ಯಕ್ಕೆ ಅಧಿಕಾರವುಂಟು. ಸರಿಯುತ್ತರವೆಂದರೆ ಸ್ಪರ್ಧೆ ನಡೆಸುವವರು ಮೊದಲೇ ಗೊತ್ತುಮಾಡಿಟ್ಟ ಉತ್ತರ. ಎರಡು ಪದಗಳು ಸಮನಾಗಿ ಹೊಂದುವ ಕಡೆ ಅವರ ಮನಸ್ಸಿನಲ್ಲಿರುವುದನ್ನು ಊಹಿಸುವುದು ಜಾಣತನವಲ್ಲ, ಅದೃಷ್ಟ. ಹೀಗಾಗಿ ಅದು ಜೂಜು. ಋಗ್ವೇದ, ಮಹಾಭಾರತಗಳಿಂದ ಹಿಡಿದು ಕೌಟಿಲ್ಯನವರೆಗೆ ಉಲ್ಲೇಖಿಸಿದ ಆ ತೀರ್ಪು, ಜೂಜು ವ್ಯಾಪಾರವೇ ಅಲ್ಲ, ವ್ಯಾಪಾರಕ್ಕಿರುವ ಸಂವಿಧಾನದ ರಕ್ಷಣೆ ಅದಕ್ಕಿಲ್ಲ ಎಂದಿತು. ‘ರೆಕ್ಸ್’ ಹಡಗಿಗೆ ಕ್ಯಾಲಿಫೋರ್ನಿಯಾ ಕೊಟ್ಟ ಉತ್ತರವೂ ಕರ್ನ್ ಜಿಲ್ಲೆಯ ಅಂಗಡಿಗಳಿಗೆ 2015ರಲ್ಲಿ ಕೊಟ್ಟ ಉತ್ತರವೂ ಈ ಒಂದೇ ತೀರ್ಪಿನಲ್ಲಿ ಅಡಕವಾಗಿರುವಂತೆ ತೋರುತ್ತದೆ.

ಅಮೆರಿಕದ ವ್ಯಾಪಾರಿಗಳು ‘ಬೆಲೆ’ ಎಂಬ ಕಲ್ಲನ್ನು ಅಲುಗಿಸಿದರೆ, ಭಾರತದವರು ‘ಅದೃಷ್ಟ’ ಎಂಬ ಕಲ್ಲಿಗೆ ಕೈಹಾಕಿದರು. ಅದೇ ದಿನದ ಇನ್ನೊಂದು ತೀರ್ಪಿನಲ್ಲಿ ಕೌಶಲದ ಸ್ಪರ್ಧೆಗಳು ಬೇರೆ ಎಂದು ನ್ಯಾಯಾಲಯ ಹೇಳಿತ್ತು. 1967ರಲ್ಲಿ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂಬ ತೀರ್ಪೂ ಬಂತು. ಫೋನಿನಲ್ಲಿ ಹಣಕಟ್ಟಿ ಆಡುವ ಆಟಗಳು ಬಂದಾಗ ಕಂಪನಿಗಳು ಈ ಕೌಶಲದ ಆಶ್ರಯ ಪಡೆದವು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿದಾಗ, ಹೈಕೋರ್ಟ್ 2022ರ ಫೆಬ್ರುವರಿ 14ರಂದು ಆ ಕಲಮುಗಳನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಕೈಬಿಟ್ಟು, ಗೆಲ್ಲುವ ಆಸೆಯಿಂದ ಹಣ ಹಾಕಿ ಆಡುವ ಅಂತರಜಾಲದ ಎಲ್ಲ ಆಟಗಳನ್ನೂ ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಅದರ ಸಿಂಧುತ್ವವನ್ನು ಪ್ರಶ್ನಿಸಿ ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು.

ಬೇರೆಬೇರೆ ದಾರಿಯಲ್ಲಿ ನಡೆದ ಎರಡು ನಾಡುಗಳು ಎರಡು ತಿಂಗಳ ಅಂತರದಲ್ಲಿ ಒಂದೇ ಕಡೆಗೆ ಬಂದು ನಿಂತವು. ಒಂದು ‘ಪುಕ್ಕಟೆ’ ಎಂಬ ಪದವನ್ನು ನಂಬುವುದನ್ನು ಬಿಟ್ಟಿತು, ಇನ್ನೊಂದು ‘ಕೌಶಲ’ ಎಂಬ ಪದವನ್ನು. ಹಣ ಯಾರ ಕೈಯಿಂದ ಹೋಗುತ್ತದೆ, ಯಾವ ಆಸೆಯಿಂದ ಹೋಗುತ್ತದೆ ಎಂಬುದನ್ನಷ್ಟೇ ನೋಡೋಣ ಎಂಬುದು ಎರಡರ ತೀರ್ಮಾನ.

ಇದರಿಂದ ಜೂಜು ನಿಂತುಹೋಯಿತು ಎಂದು ಯಾರೂ ಹೇಳಲಾರರು. ಲಾಟರಿ ಟಿಕೆಟ್ಟನ್ನು ಕ್ಯಾಲಿಫೋರ್ನಿಯಾ ಸರ್ಕಾರ ಈಗಲೂ ಮಾರುತ್ತಿದೆ. ಜೂಜು ಕೆಟ್ಟದ್ದು ಎಂಬ ಒಂದೇ ಕಾರಣಕ್ಕೆ ಈ ನಿಷೇಧ ಬಂದಿಲ್ಲ. ಅದರ ಲಾಭ ಯಾರಿಗೆ, ಮೇಲ್ವಿಚಾರಣೆ ಯಾರದು ಎಂಬ ಲೆಕ್ಕಾಚಾರವೂ ಅದರೊಳಗಿದೆ. ಕಾನೂನಿಗೆ ಹೆದರುವ ಕಂಪನಿಗಳು ಬಾಗಿಲು ಹಾಕಿಕೊಳ್ಳುತ್ತವೆ. ಹೆದರದವು ದೂರದ ಯಾವುದೋ ದ್ವೀಪದ ವಿಳಾಸದಿಂದ ಅದೇ ಫೋನಿಗೆ ಬರುತ್ತವೆ. ಈಗ ಮೂರು ಮೈಲಿ ದೋಣಿಯಲ್ಲಿ ಹೋಗಬೇಕಾದ ಅಗತ್ಯವೂ ಇಲ್ಲ, ಅಧಿಕಾರಿಗಳು ಮುತ್ತಲು ಹಡಗೂ ಇಲ್ಲ. ಹಣ ಸಾಗುವ ದಾರಿಯನ್ನೇ ತಡೆಯುವಂತೆ ಹೊಸ ಕಾನೂನನ್ನು ಬರೆದಿರುವುದು ಈ ಕಾರಣಕ್ಕೆ. ಅದು ಎಷ್ಟರಮಟ್ಟಿಗೆ ಫಲಿಸುತ್ತದೆ ಎಂಬುದು ಶಾಸನದ ಪುಟಗಳಲ್ಲಿ ಅಲ್ಲ, ತಿಂಗಳ ಕೊನೆಯಲ್ಲಿ ಮನೆಗಳ ಖರ್ಚಿನ ಲೆಕ್ಕದಲ್ಲಿ ತಿಳಿಯಬೇಕಾದ ಸಂಗತಿ.